ಈಶಾನ್ಯ ಮೂಲೆಯ ಕಾರಂಜಿ

ಕೈತೋಟಕ್ಕೆ ಕಾರಂಜಿ ಹಾಕಿಸುವವರಿಗೆ ಬುದ್ಧಿ ಹೇಳುವ ಅರ್ಹತೆ ಹಾಸನದಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ. ಮೂರು ವರ್ಷದಲ್ಲಿ ಎರಡು ಕಾರಂಜಿ ಹಾಕಿಸಿ ಎರಡರಲ್ಲೂ ಸೋತವನು ನಾನು. ಮೇಲಾಗಿ ಭೌತಶಾಸ್ತ್ರದ ಮೇಷ್ಟ್ರು. ದ್ರವದ ಒತ್ತಡದ ಬಗ್ಗೆ ನಾನು ಮಾಡಿದ ಪಾಠ ಕೇಳಿ ಎಷ್ಟೋ ಮಕ್ಕಳು ಇಂಜಿನಿಯರುಗಳಾಗಿದ್ದಾರೆ. ನಮ್ಮ ಮನೆಯ ಮುಂದೆ ಮಾತ್ರ ನೀರು ಮೂರಡಿ ಏರಲು ಒಪ್ಪಲಿಲ್ಲ.

ಇದೆಲ್ಲ ಶುರುವಾದದ್ದು ನನ್ನ ಹೆಂಡತಿ ಶಾರದೆ ಆಡಿದ ಒಂದು ಮಾತಿನಿಂದ. ಅವಳು ಹೊಳೆನರಸೀಪುರದವಳು. ತವರುಮನೆಯ ಹಿತ್ತಿಲ ಬಾಗಿಲು ತೆಗೆದರೆ ಹೊಳೆಯ ಮೆಟ್ಟಿಲು. ನಾನು ಚನ್ನರಾಯಪಟ್ಟಣದ ಕಡೆಯವನು. ನಮ್ಮಲ್ಲಿ ನೀರೆಂದರೆ ಕೆರೆ, ಅದು ಸದ್ದಿಲ್ಲದೆ ಬಿದ್ದಿರುತ್ತದೆ. ಅಳಿಯಂದಿರೂ ಅದೇ ಜಾತಿ ಎಂದು ಅವಳ ಅಣ್ಣಂದಿರು ನನ್ನ ಮೌನವನ್ನು ಆಡಿಕೊಳ್ಳುತ್ತಿದ್ದರು. ತೊಂಬತ್ತರ ದಶಕದ ನಡುವೆ ನಾವು ಹಾಸನದ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿದೆವು. ಗೃಹಪ್ರವೇಶದ ತೋರಣ ಒಣಗುವ ಹೊತ್ತಿಗೆ ಶಾರದೆಗೆ ಕೀಲುವಾತ ಹಿಡಿಯಿತು. ಮೊದಲು ಬೆರಳು, ಆಮೇಲೆ ಮಂಡಿ, ಎರಡು ವರ್ಷದಲ್ಲಿ ಗೋಡೆ ಹಿಡಿಯದೆ ಹಾಸಿಗೆಯಿಂದ ಏಳಲಾಗದ ಸ್ಥಿತಿ. ಇದು ಇನ್ನು ಇಳಿಯುವ ಕಾಯಿಲೆಯಲ್ಲ ಎಂದು ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು ಹೇಳಿದ ದಿನ ಮನೆಗೆ ಬಂದು ಅವಳ ಪಕ್ಕ ಕೂತೆ. ಅವಳೇ ಗೋಡೆಯ ಕಡೆ ನೋಡುತ್ತ ಅಂದಳು, "ಹೊಳೆ ಸದ್ದು ಕೇಳಿ ಎಷ್ಟು ದಿನ ಆಯ್ತೋ. ಇಲ್ಲಿ ಮಲಗಿದ್ರೆ ಗಡಿಯಾರ ಬಿಟ್ಟು ಇನ್ನೇನೂ ಕೇಳ್ಸಲ್ಲ."

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಇದು ಬೇಕು ಎಂಬ ಧಾಟಿಯಲ್ಲಿ ಆಡಿದ ಮಾತು ಅದೊಂದೇ. ಕಾಯಿಲೆ ವಾಸಿ ಮಾಡುವುದು ನನ್ನ ಕೈಲಿಲ್ಲ, ನೀರಿನ ಸದ್ದನ್ನಾದರೂ ಅವಳ ಕಿವಿಗೆ ಮುಟ್ಟಿಸುತ್ತೇನೆ ಎಂದು ಅವತ್ತೇ ತೀರ್ಮಾನಿಸಿದೆ. ಯಾವ ಸದ್ದು, ಹೇಗಿತ್ತು ಎಂದು ಅವಳನ್ನು ಕೇಳಬೇಕೆಂದು ಮಾತ್ರ ಹೊಳೆಯಲಿಲ್ಲ. ನಾವು ಗಂಡಸರು ಅರ್ಧ ಮಾತು ಕೇಳಿಸಿಕೊಂಡು ಸಾಮಾನು ತರಲು ಹೊರಟುಬಿಡುತ್ತೇವೆ.

ಅರಕಲಗೂಡಿನಲ್ಲಿ ಸಿಮೆಂಟಿನ ಗೊಂಬೆ ಮಾಡುವ ಒಬ್ಬ ಗಾರೆಯವನಿದ್ದ. ಅವನಲ್ಲಿ ಮೂರು ಬಗೆಯ ಕಾರಂಜಿ: ಕೊಡ ಬಗ್ಗಿಸಿದ ಹೆಂಗಸು, ಬಾಯಿ ತೆರೆದ ಸಿಂಹ, ಕೊಕ್ಕೆತ್ತಿದ ಕೊಕ್ಕರೆ. ನನಗೆ ಹೆಂಗಸು ಹಿಡಿಸಿದಳು. ಆದರೆ ಜೊತೆಗೆ ಬಂದಿದ್ದ ಸಂಸ್ಕೃತ ಅಧ್ಯಾಪಕ ಶ್ರೀಕಂಠಯ್ಯನವರು, ಮನೆ ಮುಂದೆ ಬೋರಲು ಕೊಡ ಯಾರು ಇಡುತ್ತಾರೆ ಎಂದು ಮುಖ ಸಿಂಡರಿಸಿದರು. ಸಿಂಹ ಉಗುಳುವುದು ನನಗೇ ಸರಿಬರಲಿಲ್ಲ. ಹೀಗೆ ಕೊಕ್ಕರೆ ನಮ್ಮ ಮನೆಗೆ ಬಂತು.

ಅದನ್ನು ನಿಲ್ಲಿಸುವ ಜಾಗವನ್ನೂ ಶ್ರೀಕಂಠಯ್ಯನವರೇ ಹೇಳಿದರು. "ನೀರು ಅಂದ್ರೆ ಈಶಾನ್ಯ. ಯಜಮಾನ, ಯಜಮಾನಿ ಮಲಗೋದು ನೈಋತ್ಯ. ಇದ್ರಲ್ಲಿ ರಾಜಿ ಇಲ್ಲ ಸಾರ್." ಆ ಕಾಲಕ್ಕೆ ಹಾಸನದಲ್ಲೆಲ್ಲ ವಾಸ್ತುವಿನ ಹುಚ್ಚು. ಒಡೆದ ಗೋಡೆ, ಹೊರಳಿಸಿದ ಬಾಗಿಲು ಕಾಣದ ಬೀದಿಯೇ ಇರಲಿಲ್ಲ. ನಾನು ಅಂಥವರನ್ನು ಕಂಡು ನಗುತ್ತಿದ್ದವನು. ಆದರೆ ಮನೆ ಹೊಕ್ಕ ವರ್ಷವೇ ಹೆಂಡತಿಗೆ ಕಾಯಿಲೆ ಹಿಡಿದಿತ್ತು, ಅದು ಮನೆಯ ದೋಷವೇ ಎಂದು ನೆಂಟರಿಷ್ಟರು ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿದ್ದಿತ್ತು. ಹೆದರಿದ ಮನುಷ್ಯನಲ್ಲಿ ವಿಜ್ಞಾನ ಎಷ್ಟು ಹೊತ್ತು ನಿಂತೀತು. ಮರುಮಾತಾಡದೆ ಈಶಾನ್ಯ ಮೂಲೆಯಲ್ಲಿ ತೊಟ್ಟಿ ಕಟ್ಟಿಸಿದೆ.

ಸಾಲಗಾಮೆಯ ಪ್ಲಂಬರ್ ದೇವರಾಜ ಮೋಟಾರು ಕೂರಿಸಿ ಸ್ವಿಚ್ ಹಾಕಿದ. ಕೊಕ್ಕರೆಯ ಕೊಕ್ಕಿನಿಂದ ನೀರು ಚಿಮ್ಮಿತು. ನಾನು ಒಳಗೆ ಓಡಿಹೋಗಿ ಕೇಳಿದೆ, "ಕೇಳಿಸ್ತಾ?"

"ಏನು?" ಅಂದಳು ಶಾರದೆ.

ಚೌಕದೊಳಗೆ ಎಳೆಯಬಹುದಾದ ಅತಿ ಉದ್ದದ ಗೆರೆ ಅದರ ಕರ್ಣ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ನೈಋತ್ಯದ ಹಾಸಿಗೆಗೂ ಈಶಾನ್ಯದ ಕೊಕ್ಕರೆಗೂ ನಡುವೆ ಒಂದು ಹಜಾರ, ಒಂದು ದೇವರಮನೆ, ಮೂರು ಗೋಡೆ ಇದ್ದವು. ಕಾರಂಜಿ ಯಾರಿಗಾಗಿಯೋ ಅವರಿಂದ ಸಾಧ್ಯವಾದಷ್ಟೂ ದೂರದಲ್ಲಿ ಅದನ್ನು ನೆಟ್ಟಿದ್ದೆ. ಕಿತ್ತು ಅವಳ ಕಿಟಕಿಯ ಬಳಿಗೆ ತರೋಣವೆಂದರೆ ನೈಋತ್ಯದಲ್ಲಿ ನೀರು ನಿಂತರೆ ಯಜಮಾನಿಗೇ ಕೇಡು ಎಂದಿದ್ದರು. ಇರುವ ಕೇಡೇ ಸಾಕಾಗಿದ್ದ ನನಗೆ ಆ ಧೈರ್ಯ ಬರಲಿಲ್ಲ.

ಇನ್ನು ಅದರ ಆರೈಕೆ. ಕೊಳವೆಬಾವಿಯ ನೀರಿನಲ್ಲಿ ಸುಣ್ಣದಂಶ ಹೆಚ್ಚು. ಹತ್ತೇ ದಿನಕ್ಕೆ ಕೊಕ್ಕಿನ ತೂತು ಬೆಳ್ಳಗೆ ಕಟ್ಟಿಕೊಂಡು, ಕೊಕ್ಕರೆ ಹಲ್ಲು ಬರುವ ಕೂಸಿನ ಹಾಗೆ ಜೊಲ್ಲು ಸುರಿಸತೊಡಗಿತು. "ಇದು ಬೋರ್ ನೀರು ಕಣ್ ಸಾ. ವಾರಕ್ಕೊಂದ್ಸಲ ಬಾಯಿ ಬಿಚ್ಚಿ ಉಜ್ದೇ ಇದ್ರೆ ಇದು ಇಂಗೇ ಮಾಡ್ತದೆ," ಅಂದ ದೇವರಾಜ. ಭಾನುವಾರಗಳಂದು ಶಾರದೆಯ ಪಿನ್ನು ಹಿಡಿದು ಕೊಕ್ಕರೆಯ ಗಂಟಲು ಕೆರೆಯುತ್ತ ಕೂತಿರುತ್ತಿದ್ದೆ. ತೊಟ್ಟಿಯಲ್ಲಿ ಪಾಚಿ, ಪಾಚಿಯ ಹಿಂದೆ ಸೊಳ್ಳೆ. ಎಲ್ಲ ತೊಳೆದು ಸಜ್ಜು ಮಾಡಿದ ಸಂಜೆ ಕರೆಂಟು ಇರುತ್ತಿರಲಿಲ್ಲ.

ಮರುವರ್ಷ ಸದ್ದು ಜೋರಾಗಲೆಂದು ಕೊಕ್ಕರೆಯ ಸುತ್ತ ಐದು ಬಾಯಿಯ ಹೊಸ ಕಾರಂಜಿ, ದೊಡ್ಡ ಮೋಟಾರು ಹಾಕಿಸಿದೆ. ಗಾಳಿ ಬೀಸಿದರೆ ನೀರೆಲ್ಲ ರಸ್ತೆಯಲ್ಲಿ ಹೋಗುವವರ ಮೇಲೆ. ಆದರೂ ಈ ಸಲ ಆಸೆಯಿಂದ ಒಳಗೆ ಹೋಗಿ ಕೇಳಿದೆ. ಶಾರದೆ ಕಣ್ಣು ಮುಚ್ಚಿ ಆಲಿಸಿ, "ಯಾರ ಮನೇಲೋ ಮಿಕ್ಸಿ ಓಡ್ತಾ ಇರೋ ಹಾಗಿದೆ," ಅಂದಳು. ನನಗೆ ನೋವಾದೀತೆಂದು ತಕ್ಷಣ, "ಪರವಾಗಿಲ್ಲ, ಕೇಳೋದಕ್ಕೆ ಚೆನ್ನಾಗೇ ಇದೆ," ಎಂದು ಸೇರಿಸಿದಳು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಆ ದಿನಗಳಲ್ಲಿ ಒಮ್ಮೆ ಮನಸ್ಸು ಕೆಟ್ಟು, ಅವಳನ್ನು ನಾದಿನಿಯ ವಶಕ್ಕೆ ಬಿಟ್ಟು, ಸುಮ್ಮನೆ ದೊಡ್ಡಗದ್ದವಳ್ಳಿಗೆ ಹೋಗಿ ಕೆರೆಯ ದಂಡೆಯ ಗುಡಿಯ ಬಳಿ ಕೂತಿದ್ದೆ. ಕಲ್ಲಿನಲ್ಲಿ ಬಳೆ, ಉಂಗುರ, ಕಾಲ್ಗೆಜ್ಜೆಯವರೆಗೆ ಎಲ್ಲವನ್ನೂ ಕೆತ್ತಿದ ಜನ ನಮ್ಮ ಸೀಮೆಯಲ್ಲಿ ಎಲ್ಲೂ ಒಂದು ಕಾರಂಜಿ ಮಾಡಿದ್ದನ್ನು ನಾನು ಕಂಡಿಲ್ಲ. ಕೆರೆ ಕಟ್ಟಿದರು, ಕಲ್ಯಾಣಿ ತೋಡಿದರು, ಇಳಿಯಲು ಮೆಟ್ಟಿಲು ಹಾಕಿದರು. ಮನುಷ್ಯ ಕೊಡ ಹಿಡಿದು ನೀರಿನ ಹತ್ತಿರ ಹೋಗಬೇಕು, ನೀರು ಅವನೆದುರು ಕುಣಿಯಬೇಕಾಗಿಲ್ಲ ಎಂದು ಅವರು ತಿಳಿದಿದ್ದಿರಬೇಕು. ಇದು ಹೊಳೆದಾಗ ಬಂದದ್ದು ಜ್ಞಾನವಲ್ಲ, ಬರೀ ಬೇಸರ. ಮನೆಗೆ ಬಂದು ಮತ್ತೆ ಪಿನ್ನು ಹಿಡಿದೆ.

ಮೂರನೆಯ ಬೇಸಿಗೆಯಲ್ಲಿ ಊರ ನಲ್ಲಿಗಳು ಬತ್ತಿದವು. ಒಂದು ಬೆಳಿಗ್ಗೆ ಎದುರು ಸಾಲಿನ ಗೌರಮ್ಮ ನಾಲ್ಕೈದು ಹೆಂಗಸರೊಡನೆ ಗೇಟಿನ ಬಳಿ ನಿಂತಳು. ಎಲ್ಲರ ಸೊಂಟದಲ್ಲೂ ಖಾಲಿ ಬಿಂದಿಗೆ. "ಮೇಷ್ಟ್ರೇ, ನಲ್ಲೀಲಿ ನೀರು ಬಂದು ಐದು ದಿನ ಆಯ್ತು. ನಿಮ್ಮನೆ ಕೊಕ್ಕರೆ ನೋಡುದ್ರೆ ಕುಡ್ದು ಎಚ್ಚಾಗಿ ಉಗೀತಾ ನಿಂತದೆ. ನಮ್ಗೂ ಎರಡೆರಡು ಬಿಂದ್ಗೆ ಕೊಡಿ," ಅಂದಳು. ಮುಖ ಎಲ್ಲಿಟ್ಟುಕೊಳ್ಳಲಿ. ಮೋಟಾರು ಆರಿಸಿದೆ. ತೊಟ್ಟಿಯ ನೀರು ಪಾಚಿಗಟ್ಟಿತ್ತು, ಹಾಗಾಗಿ ಹಿತ್ತಿಲಿನ ಕೊಳವೆಬಾವಿಯ ನಲ್ಲಿ ತೋರಿಸಿ, ದಿನವೂ ಬಂದು ಹಿಡಿದುಕೊಳ್ಳಿ ಅಂದೆ.

ಆ ನಲ್ಲಿ ಇದ್ದದ್ದು ಶಾರದೆಯ ಕಿಟಕಿಯ ಕೆಳಗೆ. ನಾಲ್ಕು ದಿನ ಕಳೆದ ಮೇಲೆ ಕಾಫಿ ತೆಗೆದುಕೊಂಡು ಒಳಗೆ ಹೋದೆ. ಹೊರಗೆ ಬಿಂದಿಗೆಗೆ ನೀರು ಬೀಳುತ್ತಿತ್ತು, ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು, "ಗಂಡಿನ ಕಡೆಯೋರು ಬಂದ್ಬುಟ್ಟು, ಉಪ್ಪಿಟ್ಟು ತಿಂದ್ಬುಟ್ಟು, ಏನೂ ಏಳ್ದಂಗೆ ಒಂಟೋದ್ರು ಕಣಮ್ಮಿ." ಶಾರದೆ ದಿಂಬಿನ ಮೇಲೆ ತಲೆಯನ್ನು ಕಿಟಕಿಯ ಕಡೆ ಹೊರಳಿಸಿ ನಗುತ್ತಿದ್ದಳು. ನನಗೆ ಸನ್ನೆ ಮಾಡಿ ಸುಮ್ಮನಿರಿಸಿದಳು. ಆಮೇಲೆ ಮೆಲ್ಲಗೆ ಅಂದಳು, "ನಮ್ಮ ಹೊಳೆ ಮೆಟ್ಟಿಲ ಹತ್ರಾನೂ ಹೀಗೇ. ನಾನು ಅವತ್ತು ಹೇಳಿದ್ದು ಇದನ್ನೇ."

ನಾನು ಕಾಫಿ ಲೋಟ ಹಿಡಿದು ನಿಂತೇ ಇದ್ದೆ. ಮೂರು ವರ್ಷ. ಅವಳ ಪಾಲಿಗೆ ಕುಂಟುತ್ತಲಾದರೂ ಕಿಟಕಿಯವರೆಗೆ ಬರಬಹುದಾಗಿದ್ದ ದಿನಗಳೂ ಅದರಲ್ಲಿದ್ದವು. ಆ ದಿನಗಳನ್ನು ನಾನು ಒಂದು ಸಿಮೆಂಟಿನ ಹಕ್ಕಿಯ ಗಂಟಲು ಕೆರೆಯುವುದರಲ್ಲಿ ಕಳೆದಿದ್ದೆ.

ಆ ಸುಖವೂ ಬಹಳ ದಿನ ಉಳಿಯಲಿಲ್ಲ. ಮಳೆ ಚೆನ್ನಾಗಿ ಬಂತು, ಹೊಸ ಪೈಪುಗಳನ್ನು ಹಾಕಿದರು, ಮನೆಮನೆಯ ನಲ್ಲಿಯಲ್ಲೂ ನೀರು ಬಂತು. ಊರೆಲ್ಲ ಸಂತೋಷಪಡುತ್ತಿದ್ದಾಗ ಪೈಪು ಒಡೆಯಲಪ್ಪಾ ಎಂದು ದೇವರನ್ನು ಬೇಡಿಕೊಂಡವನು ನಾನೊಬ್ಬನೇ. ನಾಚಿಕೆಗೇಡಿನ ಪ್ರಾರ್ಥನೆ, ದೇವರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಂಗಸರು ಬರುವುದು ನಿಂತಿತು.

ಹಾಗಾಗಿ ಒಂದು ಸಂಜೆ ನಾನೇ ಅಡುಗೆಮನೆಯ ಬಿಂದಿಗೆ ಎತ್ತಿಕೊಂಡು ಹಿತ್ತಿಲಿಗೆ ಹೋಗಿ ನಲ್ಲಿ ತಿರುಗಿಸಿದೆ. ಕಿಟಕಿಯೊಳಗಿಂದ ಶಾರದೆಯ ದನಿ ಬಂತು.

"ನೀವಾ?"

"ಹೇಗೆ ಗೊತ್ತಾಯ್ತು?"

"ಮಾತೇ ಇಲ್ವಲ್ಲ. ಬರೀ ನೀರು ಬಿಟ್ರೆ ಏನು ಬಂತು. ಏನಾದ್ರೂ ಹೇಳಿ."

ದಿನಕ್ಕೆ ನಾಲ್ಕು ಗಂಟೆ ಪಾಠ ಹೇಳುವವನಿಗೆ ನಾಲಿಗೆ ಏಳಲಿಲ್ಲ. ಅವಳ ಹಾಸಿಗೆಯ ಪಕ್ಕ ಕೂತಾಗ ಮಾತ್ರೆ ತಗೊಂಡ್ಯಾ, ನಿದ್ದೆ ಬಂತಾ ಎಂಬ ಎರಡು ಪ್ರಶ್ನೆಯ ಆಚೆಗೆ ನಾನು ಹೋದವನಲ್ಲ. ಕಡೆಗೆ, "ಇವತ್ತು ಶ್ರೀಕಂಠಯ್ಯನವರು ಬಸ್‌ಸ್ಟಾಂಡಿನಲ್ಲಿ ಜಾರಿ ಬಿದ್ರು," ಅಂದೆ.

"ಆಮೇಲೆ?" ಅಂದಳು.

ಈಗ ದಿನಾ ಸಂಜೆ ಕಾಲೇಜಿನಿಂದ ಬರುವಾಗ ಗೌರಮ್ಮನ ಗೇಟಿನ ಬಳಿ ನಿಂತು ಬೀದಿಯ ಸುದ್ದಿ ಕೇಳಿಕೊಂಡು ಬರುತ್ತೇನೆ. ಮೇಷ್ಟ್ರಿಗೆ ಯಾಕೆ ಈ ಚಾಳಿ ಹತ್ತಿತು ಎಂದು ಜನ ನಗುತ್ತಾರಂತೆ, ನಗಲಿ. ಶಾರದೆಗೆ ಈಗ ತಲೆ ಹೊರಳಿಸುವುದೂ ಕಷ್ಟ. ಕೆಲವು ದಿನ ಬಿಂದಿಗೆ ಅರ್ಧ ತುಂಬುವಷ್ಟರಲ್ಲೇ ಸುದ್ದಿ ಮುಗಿದುಹೋಗುತ್ತದೆ. ಆಗ ಸುಳ್ಳು ಹೇಳುತ್ತೇನೆ, ಇಲ್ಲದ ಮದುವೆ ಮಾಡಿಸುತ್ತೇನೆ, ಆಗದ ಜಗಳ ಹಚ್ಚುತ್ತೇನೆ. ಸುಳ್ಳೆಂದು ಅವಳಿಗೆ ತಿಳಿಯುತ್ತದೆ. ತಿಳಿದೂ "ಆಮೇಲೆ?" ಅನ್ನುತ್ತಾಳೆ.