ನಾಲ್ಕನೆಯ ಕಾರಣ

ವಾದದಲ್ಲಿ ನಾನು ಪೂರ್ತಿಯಾಗಿ ಗೆದ್ದದ್ದು ಜೀವನದಲ್ಲಿ ಒಂದೇ ಸಲ. ಗೆದ್ದದ್ದು ಒಡಹುಟ್ಟಿದ ತಂಗಿಯ ಮೇಲೆ. ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಬರೆಯುವುದು ಸುಲಭ, ಓದುವವರ ಮುಖ ಕಾಣುವುದಿಲ್ಲ.

ಎಪ್ಪತ್ತರ ದಶಕದಲ್ಲಿ ಇಳಕಲ್ಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಾಲೇಜಿನ ಮಾಸ್ತರರೊಬ್ಬರು ಬಾಡಿಗೆಗಿದ್ದರು. ಪಿಯುಸಿಗೆ ತರ್ಕಶಾಸ್ತ್ರ ಕಲಿಸುತ್ತಿದ್ದರು. ಮ್ಯಾಟ್ರಿಕ್ ಮುಗಿಸಿ ಮಗ್ಗಕ್ಕೆ ಕೂತಿದ್ದ ನಾನು ಅವರ ಪಠ್ಯಪುಸ್ತಕ ಕೇಳಿ ತಂದು ಓದತೊಡಗಿದೆ. ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇರಲೇಬೇಕು. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇದ್ದಂತೆ. ಇಷ್ಟು ತಿಳಿಯಲು ಪುಸ್ತಕ ಬೇಕೇ ಎನ್ನಬೇಡಿ. ನನಗೆ ಹಿಡಿಸಿದ್ದು ಅದರ ಹೆಣಿಗೆ. ನಮ್ಮ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತೇವೆ. ತರ್ಕವೂ ಹಾಗೆಯೇ ಕಂಡಿತು. ಕೊಂಡಿ ತಪ್ಪಿದರೆ ಸೀರೆ ಕೆಡುತ್ತದೆಂದು ನನ್ನೊಳಗಿನ ನೇಕಾರನಿಗೆ ಗೊತ್ತಿತ್ತು. ನನ್ನೊಳಗಿನ ಹೊಸ ಪಂಡಿತ ಅವನನ್ನು ಕೇಳಲಿಲ್ಲ.

ಮನೆಯಲ್ಲಿ ಎಲ್ಲಕ್ಕೂ ತರ್ಕ ಶುರುವಾಯಿತು. ಊಟಕ್ಕೆ ಕೂತು, ಮಕ್ಕಳು ನೀರು ಕುಡಿಯುತ್ತಿದ್ದಾರೆ, ಉಪ್ಪು ತಿಂದವರು ನೀರು ಕುಡಿಯುತ್ತಾರೆ, ಆದ್ದರಿಂದ ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದು ಸಾಧಿಸುತ್ತಿದ್ದೆ. “ಉಪ್ಪಾಗೇತಿ ಅಂದ್ರ ಮುಗೀತಿತ್ತಲ್ರಿ. ಅದಕ್ಕ ಗುಡ್ಡಾ ಹತ್ತಿ ಇಳೀಬೇಕೇನು?” ಎನ್ನುತ್ತಿದ್ದಳು ಹೆಂಡತಿ. ಅಲ್ಲಿಗೇ ನಿಂತಿದ್ದರೆ ಇದೊಂದು ನಗುವ ಮಾತಾಗುತ್ತಿತ್ತು.

ಆ ವರ್ಷವೇ ತಂಗಿ ಗಂಗವ್ವ ಗುಳೇದಗುಡ್ಡದ ಗಂಡನ ಮನೆಯಿಂದ ಒಬ್ಬಳೇ ಬಂದುಬಿಟ್ಟಳು. ಮದುವೆಯಾಗಿ ಎರಡು ವರ್ಷ. “ನಾ ಹೊಳ್ಳಿ ಹೋಗೂದಿಲ್ಲ ಅಣ್ಣಾ” ಎಂದಳು. ಅಪ್ಪ ತೀರಿಕೊಂಡಿದ್ದರಿಂದ ಮನೆಯ ತೀರ್ಮಾನ ನನ್ನದು. ಮೂರನೆಯ ದಿನ ಅವಳನ್ನು ಕರೆದೊಯ್ಯಲು ಅವಳ ಮಾವ, ಗಂಡನ ಅಪ್ಪ, ಬಂದ. ಓಣಿಯ ಇಬ್ಬರು ಹಿರಿಯರೂ ಬಂದು ಪಡಸಾಲೆಯಲ್ಲಿ ಕೂತರು. ನನ್ನ ವಿದ್ಯೆಗೆ ಅಂಥ ಸಭೆ ಅದುವರೆಗೆ ಸಿಕ್ಕಿರಲಿಲ್ಲ.

“ಗಂಡ ಕುಡೀತಾನೇನು?” ಎಂದು ಕೇಳಿದೆ.

“ಇಲ್ಲ.”

“ಹೊಡೀತಾನೇನು?”

“ಇಲ್ಲ.”

“ಹೊಟ್ಟಿಗೆ ಕಡಿಮಿ ಮಾಡ್ಯಾರೇನು?”

“ಇಲ್ಲಣ್ಣಾ, ಆದ್ರ...”

“ಹೆಣ್ಣಮಗಳು ಗಂಡನ ಮನಿ ಬಿಟ್ಟು ಬರೂದು ಈ ಮೂರಕ್ಕ. ಮೂರೂ ಇಲ್ಲ. ಅಂದಮ್ಯಾಲ ನಿನಗ ಕಾರಣಾನ ಇಲ್ಲ.”

ಹಿರಿಯರೊಬ್ಬರು ತೊಡೆ ತಟ್ಟಿ, “ಸಿದ್ದಪ್ಪ, ವಕೀಲ ಆಗೂದು ಬಿಟ್ಟು ಮಗ್ಗಕ್ಕ ಯಾಕ ಕುಂತಿಲೇ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಗಂಗವ್ವ ಎದ್ದು ಒಳಗೆ ಹೋಗಿ ಬಟ್ಟೆಯ ಚೀಲ ತಂದಳು.

ಸಂಜೆ ಮಾಸ್ತರರಿಗೆ ಎಲ್ಲದರ ವರದಿ ಒಪ್ಪಿಸಿದೆ, ಮಾರ್ಕು ಸಿಗುತ್ತದೆಂಬ ಆಸೆಯಿಂದ. ಅವರು ಕೇಳಿದರು: “ಕಾರಣ ಮೂರ ಅಂತ ನಿಮಗ ಯಾರು ಹೇಳಿದ್ರು ಸಿದ್ದಪ್ಪ? ಹಿಂಗ ಒಂದೊಂದ ತಗದ ಹಾಕಬೇಕಂದ್ರ ಮೊದಲ ಪಟ್ಟಿ ಪೂರ್ತಿ ಇರಬೇಕು. ನಾಲ್ಕನೇದ್ದು ಏನರ ಐತೇನಂತ ಆಕಿನ್ನ ಕೇಳಿದ್ರೇನು?”

ಆ ಷರತ್ತು ಪುಸ್ತಕದ ಮುಂದಿನ ಪುಟದಲ್ಲಿತ್ತು. ನಾನು ಅಲ್ಲಿಯವರೆಗೆ ಓದಿರಲಿಲ್ಲ.

ಇದನ್ನು ಅಜ್ಞಾನವೆಂದು ಮನ್ನಿಸಬಹುದು. ಮನ್ನಿಸಲಾಗದ್ದು ಮುಂದಿನದು. ಬೆಳಗಾದರೆ ಬಸ್ಸು ಇತ್ತು. ಗುಳೇದಗುಡ್ಡ ದೂರದ ದೇಶವೇನಲ್ಲ. ಹೋಗಿ, “ಇನ್ನೇನರ ಇತ್ತೇನವಾ?” ಎಂದು ಕೇಳಬಹುದಿತ್ತು. ಹೋಗಲಿಲ್ಲ. ನಾಲ್ಕು ಮಂದಿಯ ಮುಂದೆ ಗೆದ್ದ ವಾದವನ್ನು ಸೋತು ಬರಲು ಮನಸ್ಸಾಗಲಿಲ್ಲ. ನಾಗರ ಪಂಚಮಿಗೆ ತವರಿಗೆ ಕರೆಯಲು ಹೋದೆ. “ಬರಾಕ ಕಾರಣ ಏನೈತಿ?” ಎಂದಳು ಗಂಗವ್ವ, ಮೆಲ್ಲಗೆ. ಆಮೇಲೆ ಪ್ರತಿ ವರ್ಷ ಹೋದೆ, ಪ್ರತಿ ವರ್ಷ ಒಬ್ಬನೇ ಬಂದೆ. ತವರಿನ ಹೊಸ್ತಿಲನ್ನು ಅವಳು ಮತ್ತೆ ತುಳಿಯಲಿಲ್ಲ.

ಎಂಬತ್ತರ ದಶಕದಲ್ಲಿ ಅವಳ ಗಂಡ ತೀರಿಕೊಂಡ. ಕೆಲವು ತಿಂಗಳ ನಂತರ ಹೋಗಿ, ಅವಳು ಕುಪ್ಪಸದ ಖಣ ನೇಯುವ ಮಗ್ಗದಿಂದ ಎದ್ದು ಬಂದಾಗ, ಕಡೆಗೂ ಕೇಳಿದೆ: “ಆವತ್ತು ಏನು ಹೇಳಬೇಕಂತಿದ್ದಿ, ಗಂಗವ್ವಾ?”

ಅವಳು ನೀರಿನ ತಂಬಿಗೆ ನನ್ನ ಮುಂದಿಟ್ಟಳು. “ಈಗ್ಯಾಕ ಬಿಡಣ್ಣಾ. ಹೇಳಿದ್ರ ಅದಕ್ಕೂ ಒಂದು ಉತ್ತರಾ ಕೊಡತಿದ್ದಿ.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇದ್ದಿದ್ದರೂ ಕೊಡುತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕೊಟ್ಟೇಬಿಡುತ್ತಿದ್ದೆ. ಹೊಳೆಯಲಿಲ್ಲ, ಅಷ್ಟೇ. ಅದರಿಂದಾಗಿ ಅಣ್ಣ ತಂಗಿ ಇಬ್ಬರೂ ಆ ಮಧ್ಯಾಹ್ನ ಸ್ವಲ್ಪ ಹೊತ್ತು ಜೊತೆಗೆ ಕೂತಿರಲು ಸಾಧ್ಯವಾಯಿತು.