ದ್ರೋಹಕ್ಕೆ ನಾನು ಬರೆದ ಕಲಂ

ಕೊಂಡಾಪುರದ ಆ ಕಚೇರಿಯಲ್ಲಿ ಎಲ್ಲರೂ ನನ್ನನ್ನು ಕಾನೂನು ಮಂತ್ರಿ ಎಂದು ಕರೆಯುತ್ತಿದ್ದರು. ಇಂಗ್ಲಿಷ್ ಎಂ.ಎ. ಮಾಡಿದವಳಿಗೆ ಕಂಪ್ಯೂಟರ್ ಕಂಪನಿಯಲ್ಲಿ ಏನು ಕೆಲಸ ಎಂದು ಸುಲ್ತಾನ್ ಬಜಾರಿನ ನೆರೆಹೊರೆಯವರು ಕೇಳಿದಾಗಲೆಲ್ಲ ಅವ್ವ, ಆಕಾಶದಲ್ಲಿರುವ ಮಂದಿಗೆ ಕಾನೂನು ಬರೆಯುವ ಕೆಲಸ ಎಂದುಬಿಡುತ್ತಿದ್ದಳು. ಚೇಷ್ಟೆಗೆ ಹೇಳಿದರೂ ಮಾತು ನಿಜವೇ. ನಮ್ಮ ಕಂಪನಿ ಹೊರದೇಶದ ಗಿರಾಕಿಯೊಬ್ಬರಿಗೆ ಕಂಪ್ಯೂಟರ್ ಆಟವೊಂದನ್ನು ಮಾಡಿಕೊಡುತ್ತಿತ್ತು. ಹನ್ನೊಂದು ಗ್ರಹಗಳ ಒಂದು ಸಾಮ್ರಾಜ್ಯ, ಅದಕ್ಕೆ ಎದುರು ನಿಂತ ಬಂಡುಕೋರರ ಒಂದು ಕೂಟ. ಇಂಟರ್ನೆಟ್ಟಿನಲ್ಲಿ ಸೇರಿ ಆಡುವವರು ಒಬ್ಬೊಬ್ಬರು ಒಂದೊಂದು ನೌಕೆ ಹಿಡಿದು ಅಲ್ಲಿ ಬದುಕು ಮಾಡಬೇಕು. ಆ ಲೋಕದಲ್ಲಿ ಕಳ್ಳಸಾಗಣೆಗೆ ಏನು ಶಿಕ್ಷೆ, ಕೊಲೆಗೆ ಏನು ಶಿಕ್ಷೆ ಎಂದು ಬರೆಯುವ ಕೆಲಸ ನನ್ನದು.

ಎಲ್ಲ ಅಪರಾಧಗಳೂ ಸಲೀಸಾಗಿ ಮುಗಿದವು. ತಲೆ ತಿಂದದ್ದು ದ್ರೋಹ ಒಂದೇ. ಸಾಮ್ರಾಜ್ಯದ ನೌಕೆಯನ್ನು ಗುಟ್ಟುಗಳ ಸಮೇತ ಶತ್ರುವಿಗೆ ಒಪ್ಪಿಸಿ ಹೋದವನನ್ನು ಹಿಡಿಯುವುದು ಹೇಗೆ? ಜೈಲಿಗೆ ಹಾಕಿದರೆ ಅವನು ಇನ್ನೊಂದು ಹೆಸರು ಹಾಕಿಕೊಂಡು ಹೊಸದಾಗಿ ಆಟಕ್ಕೆ ಇಳಿಯುತ್ತಾನೆ. ಮರಣದಂಡನೆ ಕೊಟ್ಟರೂ ಅಷ್ಟೇ, ಐದು ನಿಮಿಷದಲ್ಲಿ ಮತ್ತೆ ಹುಟ್ಟಿ ಬರುತ್ತಾನೆ. ಮನೆಯ ಹತ್ತಿರದ ಕೋಠಿಯಿಂದ ಕೊಂಡಾಪುರಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಒಂದು ವಾರ ಇದನ್ನು ಯೋಚಿಸಿದೆ. ಕೊನೆಗೆ ಹೊಳೆಯಿತು. ಹೋದವನಿಗೆ ಶಿಕ್ಷೆ ಕೊಟ್ಟು ಉಪಯೋಗವಿಲ್ಲ, ಉಳಿದವನಿಗೆ ಕೊಡಬೇಕು. ಪಡೆ ಸೇರುವ ಪ್ರತಿಯೊಬ್ಬನಿಗೂ ಇನ್ನೊಬ್ಬ ಜಾಮೀನು ನಿಲ್ಲಬೇಕು. ಸೇರಿದವನು ದ್ರೋಹ ಮಾಡಿ ಹೋದರೆ, ಅವನ ಸೇವೆಯಲ್ಲಿ ಎಷ್ಟು ಅವಧಿ ಬಾಕಿ ಇದೆಯೋ ಅಷ್ಟೂ ಕಾಲ ಜಾಮೀನುದಾರನ ನೌಕೆಗೆ ಬೀಗ. ಕ್ಷಮಾದಾನ ಎಂಬುದು ಇಲ್ಲ.

ಬರೆದ ದಿನ ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂಬುದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ಮ್ಯಾನೇಜರ್ ಅದನ್ನು ಎರಡು ಸಲ ಓದಿ, ಎಲ್ಲರನ್ನೂ ಕರೆದು ತೋರಿಸಿ, ಚಪ್ಪಾಳೆ ಹೊಡೆಸಿದರು.

ಅದನ್ನು ಪರೀಕ್ಷೆ ಮಾಡಿದವಳು ನನ್ನ ಎದುರು ಮೇಜಿನ ಮೈಸೂರಿನ ಹುಡುಗಿ. ನಾನು ಬರೆದ ಕಾನೂನನ್ನೆಲ್ಲ ಮುರಿದು ನೋಡುವುದೇ ಅವಳ ಉದ್ಯೋಗ. ಪರೀಕ್ಷೆಗೆಂದು ನಮ್ಮಿಬ್ಬರಿಗೂ ಆಟದಲ್ಲಿ ಒಂದೊಂದು ನೌಕೆ ಇತ್ತು. ನನ್ನ ನೌಕೆಗೆ ಅವಳು ಜಾಮೀನು. ಎಂಟು ತಿಂಗಳಲ್ಲಿ ಅವಳು ತನ್ನ ನೌಕೆಯನ್ನು ಮುದ್ದು ಮಾಡಿ ಬೆಳೆಸಿದ್ದಳು. ಅದರೊಳಗೆ ಒಂದು ತೋಟ ಕೂಡ ಮಾಡಿಕೊಂಡಿದ್ದಳು. ಆಟಕ್ಕೆ ಅದರಿಂದ ಏನೂ ಉಪಯೋಗವಿರಲಿಲ್ಲ. ಊಟದ ಹೊತ್ತಿನಲ್ಲಿ ಒಂದು ಕೈಯಲ್ಲಿ ಚಿತ್ರಾನ್ನ ತಿನ್ನುತ್ತ ಇನ್ನೊಂದು ಕೈಯಲ್ಲಿ ಗಿಡಗಳಿಗೆ ನೀರು ಹಾಕುವಳು.

ಇನ್ನು ನಮ್ಮ ಸ್ಥಿತಿ ಹೇಳಬೇಕು. ಕೆಲಸಕ್ಕೆ ಸೇರುವಾಗ ಮೂರು ವರ್ಷದ ಬಾಂಡ್ ಬರೆಸಿಕೊಂಡಿದ್ದರು. ಅದಕ್ಕೆ ಆಧಾರವಾಗಿ ಹತ್ತನೇ ತರಗತಿಯಿಂದ ಎಂ.ಎ.ವರೆಗಿನ ಅಸಲಿ ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳನ್ನು ಎಚ್ಆರ್ ಕೋಣೆಯ ಕಬ್ಬಿಣದ ಕಪಾಟಿನಲ್ಲಿ ಇಟ್ಟುಕೊಂಡಿದ್ದರು. ಬಾಂಡ್ ಮುರಿಯಲು ಕಟ್ಟಬೇಕಾದ ಮೊತ್ತ ನಮ್ಮ ಮನೆಯವರಿಗೆ ಎಟುಕುವಂಥದ್ದಲ್ಲ. ಆಗ ಎಷ್ಟೋ ಕಡೆ ಹೀಗೆಯೇ ನಡೆಯುತ್ತಿತ್ತು. ಕೋರ್ಟಿಗೆ ಹೋಗಿದ್ದರೆ ಆ ಬಾಂಡ್ ಊರ್ಜಿತವಾಗುತ್ತಿರಲಿಲ್ಲ ಎಂದು ಆಮೇಲೆ ಯಾರೋ ಹೇಳಿದರು. ಆದರೆ ಇಪ್ಪತ್ನಾಲ್ಕು ವರ್ಷದ ಯಾವ ಹುಡುಗಿ ಕೋರ್ಟಿಗೆ ಹೋಗುತ್ತಾಳೆ? ಆ ಕೋಣೆಯ ಮುಂದೆ ನೀರು ಕುಡಿಯಲು ಹಾದುಹೋಗುವಾಗಲೆಲ್ಲ ಕಪಾಟಿನ ಕಡೆ ಕಣ್ಣು ಹೋಗುತ್ತಿತ್ತು. ನಾನೇ ಅದರೊಳಗೆ ಮಡಚಿ ಕೂತಿದ್ದೇನೆ ಅನ್ನಿಸುತ್ತಿತ್ತು. ಕಚೇರಿಯ ಕಿಟಕಿಗಳು ಗೋಡೆಯಷ್ಟು ದೊಡ್ಡವು, ಒಂದನ್ನೂ ತೆರೆಯಲು ಬರುತ್ತಿರಲಿಲ್ಲ.

ನನ್ನ ಕಲಮಿಗೆ ಚಪ್ಪಾಳೆ ಬಿದ್ದು ಎರಡು ತಿಂಗಳಾಗಿರಬೇಕು, ನೋಟಿಸ್ ಬೋರ್ಡಿನಲ್ಲಿ ಒಂದು ಸುತ್ತೋಲೆ ಬಂತು. ಪಾಸ್‌ಪೋರ್ಟಿಗೋ ಮತ್ತೊಂದಕ್ಕೋ ಅಸಲಿ ಪ್ರಮಾಣಪತ್ರ ಬೇಕಾದವರು ವರ್ಷಕ್ಕೆ ಒಂದು ಸಲ, ನಾಲ್ಕು ದಿನದ ಮಟ್ಟಿಗೆ ಒಯ್ಯಬಹುದು. ಆದರೆ ಇನ್ನೊಬ್ಬ ನೌಕರ ಜಾಮೀನು ನಿಲ್ಲಬೇಕು. ಒಯ್ದವರು ವಾಪಸ್ ಬರದಿದ್ದರೆ ಅವರ ಬಾಕಿ ಅವಧಿಯನ್ನು ಜಾಮೀನುದಾರರ ಬಾಂಡಿಗೆ ಸೇರಿಸಲಾಗುವುದು. ಓದುತ್ತಿದ್ದ ಹಾಗೆ ನನ್ನ ಕಿವಿ ಬಿಸಿಯಾಯಿತು. ವಾಕ್ಯಗಳು ಸಹ ನನ್ನವೇ, ನೌಕೆ ಎಂಬಲ್ಲಿ ಬಾಂಡ್ ಎಂದು ಹಾಕಿದ್ದರು ಅಷ್ಟೇ. ಯಾರೂ ನನ್ನನ್ನು ಬಯ್ಯಲಿಲ್ಲ. ಮೈಸೂರಿನವಳು ಮಾತ್ರ, ಮಂತ್ರಿಗಳು ಇನ್ನು ಮೇಲೆ ಭೂಮಿಯನ್ನೂ ಆಳುತ್ತಾರೆ ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅದೇ ಮಳೆಗಾಲ, ನಾನು ಬಹಳ ಹಿಂದೆ ಬರೆದಿದ್ದ ಪರೀಕ್ಷೆಯೊಂದರ ಫಲಿತಾಂಶ ಬಂತು. ಸರ್ಕಾರಿ ಜೂನಿಯರ್ ಕಾಲೇಜಿಗೆ ಇಂಗ್ಲಿಷ್ ಉಪನ್ಯಾಸಕಿಯಾಗಿ ಆಯ್ಕೆಯಾಗಿದ್ದೆ. ಅಸಲಿ ಪ್ರಮಾಣಪತ್ರ ತೋರಿಸಿದರೆ ಅಲ್ಲೇ ನೇಮಕದ ಆದೇಶ ಕೊಡುತ್ತಾರೆ. ಪಾಠ ಮಾಡುವುದು ಬಿಟ್ಟು ನನಗೆ ಬೇರೆ ಆಸೆಯೇ ಇರಲಿಲ್ಲ. ನನ್ನ ಬಾಂಡಿನಲ್ಲಿ ಇನ್ನೂ ಹದಿನಾಲ್ಕು ತಿಂಗಳು ಬಾಕಿ ಇತ್ತು. ಮೈಸೂರಿನವಳದು ಮೂರೇ ತಿಂಗಳು. ಊರಿಗೆ ಹೋಗಲೆಂದು ಅವಳು ಆಗಲೇ ಒಂದು ಸೂಟ್‌ಕೇಸ್ ಕೂಡ ಕೊಂಡಿದ್ದಳು. ಅವಳಿಗೆ ತೆಲುಗು ಬಾರದು, ಹಿಂದಿಯೂ ಅಷ್ಟಕ್ಕಷ್ಟೇ. ಸುಲ್ತಾನ್ ಬಜಾರಿನ ಅಂಗಡಿಯಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿ ಕೊಡಿಸಿದವಳು ನಾನೇ.

ಜಾಮೀನಿಗೆ ಅವಳನ್ನು ಬಿಟ್ಟು ಇನ್ಯಾರನ್ನು ಕೇಳಲಿ? ಪಾಸ್‌ಪೋರ್ಟ್ ಎಂದು ಕಚೇರಿಗೆ ಸುಳ್ಳು ಹೇಳಿದೆ, ಅವಳಿಗೆ ನಿಜ ಹೇಳಿದೆ. ಅವಳು ಫಾರಂ ಇಸಿದುಕೊಂಡು, ಓದದೆಯೇ ಸಹಿ ಹಾಕಿ, ಪೆನ್ನು ಕೆಟ್ಟದಾಗಿದೆ ಎಂದು ಗೊಣಗಿದಳು. ಬಂದುಬಿಡ್ತೀನಿ ಎಂದು ನಾನು ಹೇಳಿದ್ದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಶುಕ್ರವಾರ ಆದೇಶ ಕೈಗೆ ಬಂತು. ಶಂಶಾಬಾದಿನ ಹತ್ತಿರದ ಕಾಲೇಜು, ಹತ್ತು ದಿನದೊಳಗೆ ಅಸಲಿ ಪ್ರಮಾಣಪತ್ರಗಳ ಸಮೇತ ಹಾಜರಾಗಬೇಕು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವೇ ಪ್ರಮಾಣಪತ್ರಗಳು ಕೊಂಡಾಪುರದ ಕಪಾಟಿಗೆ ವಾಪಸ್ ಹೋಗಬೇಕು, ಹೋದರೆ ಮತ್ತೆ ಒಂದು ವರ್ಷ ಹೊರಗೆ ಬರುವುದಿಲ್ಲ. ಶನಿವಾರ, ಭಾನುವಾರ ಆ ಪ್ರಮಾಣಪತ್ರಗಳಿದ್ದ ಹಸಿರು ಫೈಲು ನಮ್ಮ ಮನೆಯ ಟೀವಿಯ ಮೇಲೆ ಕೂತಿತ್ತು. ಮನೆ ತುಂಬ ಜನ ಬಂದು ಸಿಹಿ ತಿಂದು ಹೋದರು. ನಾನು ಯಾವ ಕೋಣೆಗೆ ಹೋದರೂ ಅದು ನನ್ನನ್ನೇ ನೋಡುತ್ತಿರುವ ಹಾಗಿತ್ತು.

ಅವ್ವನಿಗೆ ಇದರಲ್ಲಿ ಯೋಚಿಸುವಂಥದ್ದು ಏನೂ ಕಾಣಲಿಲ್ಲ. "ಆ ಹುಡುಗಿ ಒಂದು ವರ್ಷ ಹೆಚ್ಚಿಗಿ ದುಡದ್ರ ಏನೂ ಆಗಾಂಗಿಲ್ಲ. ನಿನಗ ಈ ನೌಕರಿ ಮತ್ತ ಸಿಗಾಂಗಿಲ್ಲ. ಫೈಲ್ ಟ್ರಂಕಿನಾಗ ಇಟ್ಟು ಕೀಲಿ ಹಾಕು," ಎಂದಳು.

ಅಪ್ಪ ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಮೇಲಿನವರ ಒಪ್ಪಿಗೆ ಇಲ್ಲದೆ ಒಂದು ಗುಂಡುಪಿನ್ನು ಚುಚ್ಚಿದವರಲ್ಲ. ಅವರು ಹೇಳಿದರು: "ನೀ ಹೋಗು ಅಂತನೂ ಅನ್ನಾಂಗಿಲ್ಲ, ಬ್ಯಾಡ ಅಂತನೂ ಅನ್ನಾಂಗಿಲ್ಲ. ಸಹಿ ಮಾಡಿದಾಕಿನ್ನ ಒಂದು ಮಾತು ಕೇಳವಾ. ಫೋನ್ ಮಾಡು."

ನಾನು ಮಾಡಲಿಲ್ಲ. ಅವಳು ಬಾಡಿಗೆಗಿದ್ದ ಪಿ.ಜಿ.ಯ ನಂಬರು ಬಾಯಿಪಾಠವಿತ್ತು, ಫೋನು ಕೈಗೆಟುಕುವಲ್ಲಿತ್ತು. ಆದರೆ ಏನೆಂದು ಕೇಳುವುದು? ನನ್ನ ಹದಿನಾಲ್ಕು ತಿಂಗಳನ್ನು ನೀನು ಹೊರುತ್ತೀಯಾ ಎಂದೇ? ಬೇಡ ಅಂದರೆ ಆಸೆ ಸಾಯುತ್ತದೆ, ಆಗಲಿ ಅಂದರೆ ಅದನ್ನು ನಾನೇ ಬಾಯಿಬಿಡಿಸಿದ ಹಾಗಾಗುತ್ತದೆ. ಹೀಗೆ ಎರಡೂ ಕಡೆಯಿಂದ ಯೋಚಿಸಿ, ಫೈಲು ವಾಪಸ್ ಕೊಡುವ ನಾನೇ ದೊಡ್ಡ ಧರ್ಮಿಷ್ಠೆ ಎಂದು ತೀರ್ಮಾನಿಸಿದೆ. ಒಳಗೊಳಗೆ ನನ್ನ ತ್ಯಾಗಕ್ಕೆ ನಾನೇ ಕರಗಿಹೋದೆ ಕೂಡ. ಸೋಮವಾರ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಫೈಲನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಯಾರು ತೀರಿಕೊಂಡರು ಎಂದು ತೆಲುಗಿನಲ್ಲಿ ಕೇಳಿದಳು.

ಎಚ್ಆರ್‌ನವರು ಒಂದೊಂದೇ ಹಾಳೆ ಎಣಿಸಿ ತೆಗೆದುಕೊಂಡು ಕಪಾಟಿಗೆ ಬೀಗ ಹಾಕಿದರು. ನಾನು ಹೋಗಿ ನನ್ನ ಜಾಗದಲ್ಲಿ ಕೂತೆ. ಎದುರಿನಿಂದ ಮೈಸೂರಿನವಳು ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಂತೋಷ ಕಾಣುತ್ತದೆ, ಎದ್ದು ಬಂದು ತಬ್ಬಿಕೊಳ್ಳುತ್ತಾಳೆ ಎಂದೆಲ್ಲ ನಾನು ಲೆಕ್ಕ ಹಾಕಿದ್ದೆ. ಅವಳ ಮುಖ ಇಳಿದುಹೋಯಿತು.

"ಯಾಕೆ ಬಂದೆ? ಸಹಿ ಹಾಕೋವಾಗ್ಲೇ ನೀನು ವಾಪಸ್ ಬರಲ್ಲ ಅಂದ್ಕೊಂಡಿದ್ದೆ ಕಣೇ," ಎಂದಳು.

ಅಷ್ಟರಲ್ಲಿ ಮ್ಯಾನೇಜರ್ ಬಂದದ್ದರಿಂದ ಮಾತು ಅಲ್ಲಿಗೇ ನಿಂತಿತು. ನನಗೆ ಮೈಯೆಲ್ಲ ಉರಿದುಹೋಯಿತು. ಮೊದಲೇ ನಾನು ಮುಂಗೋಪಿ. ಅಂದರೆ ಇವಳ ಕಣ್ಣಿಗೆ ನಾನು ಕೈಕೊಟ್ಟು ಓಡಿಹೋಗುವವಳು! ಯಾರಿಗಾಗಿ ನನ್ನ ನೌಕರಿಯನ್ನು ಕೈಯಾರೆ ಕಪಾಟಿಗೆ ಹಾಕಿ ಬಂದೆನೋ ಅವಳೇ ನನ್ನನ್ನು ಹೀಗೆ ತೂಗಿದ್ದಳು. ಮಧ್ಯಾಹ್ನದವರೆಗೆ ಒಂದು ಮಾತೂ ಆಡಲಿಲ್ಲ. ಊಟಕ್ಕೂ ಬೇರೆ ಹೋದೆ. ಬಂದು ಕೂತವಳು ಆಟ ತೆರೆದೆ. ನನ್ನ ನೌಕೆಯನ್ನು ನೆಟ್ಟಗೆ ಗಡಿಯಾಚೆ ನಡೆಸಿ, ಸಾಮ್ರಾಜ್ಯದ ನಕ್ಷೆಗಳ ಸಮೇತ ಬಂಡುಕೋರರಿಗೆ ಒಪ್ಪಿಸಿದೆ. ಖಚಿತವೇ ಎಂದು ಆಟ ಎರಡು ಸಲ ಕೇಳಿತು. ಎರಡು ಸಲವೂ ಹೌದು ಎಂದು ಒತ್ತಿದೆ. ಅಂಥ ಕ್ಷುಲ್ಲಕ ಕೆಲಸ ನನ್ನ ಜೀವಮಾನದಲ್ಲಿ ಇನ್ನೊಂದು ಮಾಡಿಲ್ಲ.

ಎದುರು ಮೇಜಿನಲ್ಲಿ ಕೀಲಿಮಣೆಯ ಸದ್ದು ನಿಂತಿತು. ಅವಳ ನೌಕೆಗೆ ಬೀಗ ಬಿದ್ದಿತ್ತು. ತೋಟ, ಗಿಡ ಎಲ್ಲ ಕೆಂಪು ಪಟ್ಟಿಯ ಹಿಂದೆ. ಅವಳು ಸ್ವಲ್ಪ ಹೊತ್ತು ಪರದೆ ನೋಡಿದಳು, ಆಮೇಲೆ ಅದರ ಮೇಲಿಂದ ನನ್ನನ್ನು ನೋಡಿದಳು. ಕೋಪ ಮಾಡಿಕೊಂಡಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

"ನನಗೆ ಊರಲ್ಲಿ ಅಂಥ ಅರ್ಜೆಂಟ್ ಕೆಲಸ ಏನೂ ಇರಲಿಲ್ಲ," ಎಂದು ಮೆಲ್ಲಗೆ ಹೇಳಿದಳು. "ಇಲ್ಲಿ ಇನ್ನೊಂದು ವರ್ಷ ಇದ್ರೂ ನನಗೆ ನಡೆಯುತ್ತೆ. ನಿನಗೆ ನಡೆಯಲ್ಲ, ದಿನಾ ನೋಡ್ತಿದ್ನಲ್ಲ. ನೀನು ಹೋಗ್ಲಿ ಅಂತಾನೇ ಸಹಿ ಹಾಕಿದ್ದು."

ಒಂದು ಫೋನು ಮಾಡಿದ್ದರೆ ಸಾಕಿತ್ತು. ಅಪ್ಪ ಅಷ್ಟು ಹೇಳಿದ್ದರು.

ಅವಳು ಕಣ್ಣು ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ, ಈ ಬೀಗ ಬಿಡಿಸುವುದು ಹೇಗೆ, ಗಿಡಗಳಿಗೆ ನೀರು ಹಾಕಬೇಕಿತ್ತು ಎಂದು ಕೇಳಿದಳು.

"ಬಿಡಿಸಾಕ ಬರೂದಿಲ್ಲ," ಎಂದೆ. "ನಾ ಅದನ್ನ ಬರದೇ ಇಲ್ಲ."

ಸಂಜೆ ಹೊರಡುವ ಮೊದಲು ಅವಳು ಆ ದಿನ ಪರೀಕ್ಷಿಸಿದ ಪ್ರತಿ ಕಲಮಿನ ಎದುರು ಒಂದು ಸಾಲು ಬರೆದು ಮೇಲಕ್ಕೆ ಕಳಿಸಬೇಕಿತ್ತು. ದ್ರೋಹದ ಎದುರಿನ ಜಾಗವನ್ನು ಅವಳು ಖಾಲಿ ಬಿಟ್ಟಿದ್ದಳು. ನಿಯಮ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ನಾನೇ ತುಂಬಿ ಕಳಿಸಿದೆ.