ಕಂಬದ ಮೇಲಿನ ಈಶ್ವರಬಳ್ಳಿ

ಲೈನ್‌ಮ್ಯಾನ್ ಶೀನನಿಗೆ ಹುಳಗಳ ಹುಚ್ಚು ಹಿಡಿದದ್ದು ಕಾದು ಕಾದು. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಎಲ್‌ಸಿ ಕೇಳಬೇಕು. ಎಲ್‌ಸಿ ಅಂದರೆ, ಆ ಲೈನಿನ ಕರೆಂಟು ತೆಗೆದಾಯಿತು, ಇನ್ನು ನೀನು ಹತ್ತಬಹುದು ಎಂಬ ಅಪ್ಪಣೆ. ಅದು ಐದು ನಿಮಿಷಕ್ಕೂ ಬಂದೀತು, ಒಂದು ಗಂಟೆಗೂ ಬಂದೀತು. ಅಷ್ಟು ಹೊತ್ತು ಕಂಬದ ಬುಡದಲ್ಲಿ ನಿಂತವನು ಏನು ಮಾಡಬೇಕು? ಉಳಿದವರು ಬೀಡಿ ಸೇದಿದರು, ಮೊಬೈಲು ಉಜ್ಜಿದರು. ಶೀನ ಎದುರಿಗಿದ್ದ ಎಲೆ ನೋಡಿದ. ಹನ್ನೊಂದು ವರ್ಷದ ಹಿಂದೆ ನಾಗೂರಿನ ಹತ್ತಿರ ಲಿಂಬೆ ಗಿಡದ ಚಿಗುರಿನಲ್ಲಿ ಸಾಸಿವೆಯಷ್ಟೂ ಇಲ್ಲದ ಹಳದಿ ಮಣಿಯೊಂದು ಅಂಟಿಕೊಂಡದ್ದು ಕಂಡಿತು. ಇದೆಂಥದಪ್ಪ ಎಂದು ಅವತ್ತು ಬಗ್ಗಿದವನು ಇವತ್ತಿಗೂ ನೆಟ್ಟಗೆ ನಿಂತಿಲ್ಲ ಎಂದು ಅವನ ಹೆಂಡತಿ ಪಂಕಜಾಕ್ಷಿ ಹೇಳುತ್ತಾಳೆ. ಅದು ಚಿಟ್ಟೆಯ ಮೊಟ್ಟೆ ಎಂದು ಗೊತ್ತಾಗಲು ಅವನಿಗೆ ಮತ್ತೆ ಎಂಟು ದಿನ ಬೇಕಾಯಿತು.

ಚಿಟ್ಟೆಯ ಹಿಂದೆ ಕ್ಯಾಮೆರಾ ಹಿಡಿದು ಓಡುವವರನ್ನು ಕಂಡರೆ ಶೀನನಿಗೆ ನಗು ಬರುತ್ತದೆ. ಗಿಡ ಗೊತ್ತಿದ್ದರೆ ಸಾಕು, ತಾಯಿ ಅಲ್ಲಿಗೇ ಬಂದು ಮೊಟ್ಟೆ ಇಡುತ್ತಾಳೆ, ಓಡುವುದು ಯಾಕೆ? ಬೈಂದೂರಿನಿಂದ ಮರವಂತೆಯವರೆಗೆ ಯಾವ ಕಂಬದ ಬುಡದಲ್ಲಿ ಯಾವ ಬಳ್ಳಿ ಇದೆ ಎಂದು ಅವನಿಗೆ ಬಾಯಿಪಾಠ. ಅವನ ಸಲಕರಣೆ ಎಂದರೆ ಫೋನಿಗೆ ಸಿಕ್ಕಿಸುವ ಗುಂಡಿಯಷ್ಟು ಅಗಲದ ಒಂದು ಲೆನ್ಸು, ಮತ್ತೆ ಪಂಕಜಾಕ್ಷಿಯ ಪೌಡರ್ ಡಬ್ಬಿಯಿಂದ ಕಿತ್ತ ಕನ್ನಡಿ. ಕನ್ನಡಿ ಯಾಕೆಂದರೆ, ಎಲೆಯ ಅಡಿಭಾಗ ನೋಡಬೇಕು, ಆದರೆ ಎಲೆಯನ್ನು ಮಗುಚಬಾರದು.

ಅಲ್ಲೇ ಇದ್ದದ್ದು ಅವನ ಮಡಿ. ಹೌದು, ಮಡಿಯೇ, ಬೇರೆ ಶಬ್ದ ಇಲ್ಲ. ಹುಳವನ್ನು ಮುಟ್ಟಬಾರದು. ಮನೆಗೆ ತಂದು ಡಬ್ಬಿಯಲ್ಲಿ ಸಾಕಬಾರದು. ಅದು ಇದ್ದಲ್ಲೇ ಇರಬೇಕು, ಇವನು ಅಲ್ಲಿಗೆ ಹೋಗಬೇಕು. ಚಿಟ್ಟೆಯವರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಪ್ಲಾಸ್ಟಿಕ್ ಡಬ್ಬಿಯೊಳಗಿನ ಹುಳದ ಚಂದದ ಫೋಟೋ ಹಾಕಿದರೆ ಶೀನ ಒಂದು ಮೆಚ್ಚುಗೆಯನ್ನೂ ಒತ್ತುತ್ತಿರಲಿಲ್ಲ. ನನ್ನದು ಕೈ ತಾಗದ ಫೋಟೋ ಎಂಬ ಜಂಬ ಅವನಿಗೆ ಸಾಕಷ್ಟಿತ್ತು. ಪಾಪ, ಬೇರೆ ಯಾವ ಜಂಬಕ್ಕೂ ಆ ಬದುಕಿನಲ್ಲಿ ಎಡೆ ಇರಲಿಲ್ಲ ಅನ್ನಿ.

ಅವನಿಗಿದ್ದ ಆಸೆ ಒಂದೇ. ಕಪ್ಪು ರೆಕ್ಕೆ, ಹಳದಿ ಸೆರಗು, ಬಿಚ್ಚಿದ ಅಂಗೈಗಿಂತ ಅಗಲ ಇರುವ ಆ ದೊಡ್ಡ ಚಿಟ್ಟೆ, ಸರ್ಕಾರವೇ ರಾಜ್ಯದ ಚಿಟ್ಟೆ ಎಂದು ಕರೆದದ್ದು, ಅದರ ಒಂದು ಜೀವವನ್ನು ಮೊಟ್ಟೆಯಿಂದ ಹಾರುವವರೆಗೆ, ಒಂದೇ ಬಳ್ಳಿಯಲ್ಲಿ, ಒಂದು ಬೆರಳೂ ತಾಗದಂತೆ ಫೋಟೋದಲ್ಲಿ ಹಿಡಿಯಬೇಕು. ಅದು ಮೊಟ್ಟೆ ಇಡುವುದು ಈಶ್ವರಬಳ್ಳಿಗೆ. ನಾಲ್ಕು ವರ್ಷದಲ್ಲಿ ಮೂರು ಸಲ ಹೊರಟು ಮೂರು ಸಲವೂ ಕೆಟ್ಟಿತ್ತು. ಮೊದಲನೆಯದನ್ನು ಇರುವೆ ತಿಂದಿತು. ಎರಡನೆಯದನ್ನು ಬಳ್ಳಿಯ ಸಮೇತ ಆಡು ತಿಂದಿತು. ಮೂರನೆಯದು ಕೋಟೇಶ್ವರದಲ್ಲಿ, ಇವನ ಜೊತೆಯವರ ಕತ್ತಿಗೇ ಹೋಯಿತು. ಅವತ್ತು ಅವನು ಮಧ್ಯಾಹ್ನದ ಊಟ ಮಾಡಲಿಲ್ಲ.

ನಾಲ್ಕನೆಯದು ಸಿಕ್ಕಿದ್ದು ಈ ಏಪ್ರಿಲ್ ಕೊನೆಗೆ, ಯಡ್ತರೆಯಲ್ಲಿ, ಸುಗುಣಕ್ಕನ ಮನೆಯ ಮೂಲೆಯ ಸಿಮೆಂಟ್ ಕಂಬದಲ್ಲಿ. ಸುಗುಣಕ್ಕನ ಗಂಡ ಪ್ರೇಮಾನಂದ ಮುಂಬೈಯ ಹೋಟೆಲೊಂದರಲ್ಲಿ ಅಡುಗೆಯವರು, ವರ್ಷಕ್ಕೆರಡು ಸಲ ಬರುತ್ತಾರೆ. ಆಕೆ ಮನೆಯ ಹಿಂದಿನ ಕೋಣೆಯಲ್ಲಿ ಮೊಟ್ಟೆ ಮರಿ ಮಾಡುವ ಮಿಷನ್ ಇಟ್ಟುಕೊಂಡಿದ್ದರು. ಸುತ್ತಲಿನ ಮನೆಯವರು ಊರಕೋಳಿಯ ಮೊಟ್ಟೆ ತಂದು ಕೊಡುವುದು, ಇಪ್ಪತ್ತೊಂದು ದಿನಕ್ಕೆ ಮರಿ ಒಯ್ಯುವುದು. ಕಂಬ ಅವರ ತಾರಸಿಗೆ ತಾಗಿದ ಹಾಗೆಯೇ ಇತ್ತು. ತಾರಸಿಯಲ್ಲಿ ನಿಂತರೆ ಬಳ್ಳಿಯ ಮೇಲಿನ ಕುಡಿ ಕೈಗೆ ಎಟುಕುತ್ತಿತ್ತು. ಅಲ್ಲಿ, ಎಲೆಯ ಅಡಿಯಲ್ಲಿ, ಕಿತ್ತಳೆ ಬಣ್ಣದ ಒಂದೇ ಒಂದು ಗುಂಡು ಮೊಟ್ಟೆ.

ಕೆಲಸಕ್ಕೆ ಹೋಗುವಾಗಲೊಮ್ಮೆ, ಮುಗಿಸಿ ಬರುವಾಗಲೊಮ್ಮೆ ಶೀನ ಆ ತಾರಸಿ ಹತ್ತತೊಡಗಿದ.

“ಹ್ವಾಯ್ ಶೀನಣ್ಣ, ಕರೆಂಟ್ ಇಪ್ಪುದ್ ತಂತಿಯಗೆ, ಎಲಿಯಗಲ್ಲ,” ಎಂದು ಸುಗುಣಕ್ಕ ಮೊದಲ ದಿನ ತಮಾಷೆ ಮಾಡಿದರು. ನಾಲ್ಕನೆಯ ದಿನ ಅವರೇ ಕನ್ನಡಿ ಹಿಡಿದುಕೊಂಡರು. ಮೊಟ್ಟೆ ಒಡೆದು ಹುಳ ಹೊರಗೆ ಬಂದ ದಿನ ಇಬ್ಬರೂ ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತಿದ್ದರು. ಅದು ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿಂದದ್ದು ಕಂಡು ಸುಗುಣಕ್ಕ, “ನಮ್ ಮರಿಗಳಿಗೆ ಈ ಬುದ್ಧಿ ಇಲ್ಲ ಕಾಣಿ, ಕೋಣಿ ಇಡೀ ಸಿಪ್ಪಿ,” ಎಂದರು. ಹುಳ ದಿನದಿಂದ ದಿನಕ್ಕೆ ದಪ್ಪವಾಯಿತು. ಕಪ್ಪುಗೆಂಪು ಮೈ, ಮೈತುಂಬ ಮೆತ್ತನೆಯ ಮುಳ್ಳು, ನಡುವಿನಲ್ಲಿ ಬಿಳಿ ಪಟ್ಟಿ. ಶೀನ ಎರಡು ಸಲ ಪೊರೆ ಕಳಚಿದ್ದರ ಫೋಟೋವನ್ನೂ ತೆಗೆದ.

ಮೇ ಎರಡನೆಯ ವಾರ ಸೆಕ್ಷನ್ ಆಫೀಸರ್ ರವಿಚಂದ್ರ ಲಿಸ್ಟು ಕೊಟ್ಟರು. ಮಳೆಗಾಲದ ಮೊದಲು ತಂತಿಗೆ ತಾಗುವ ಕೊಂಬೆ, ಬಳ್ಳಿಗಳನ್ನೆಲ್ಲ ಕಡಿಯುವ ಕೆಲಸ. ಲಿಸ್ಟಿನಲ್ಲಿ ಸುಗುಣಕ್ಕನ ಮನೆಯ ಕಂಬವೂ ಇತ್ತು. ಶೀನ ಕತ್ತಿ ಹಿಡಿದೇ ಹೋದ. ಬಳ್ಳಿಯ ತುದಿ ತಂತಿಗಿಂತ ಮೂರು ಅಡಿ ಕೆಳಗಿತ್ತು. ಆ ತುದಿಯ ಎಳೆ ಎಲೆಯಲ್ಲೇ ಹುಳ ಕೂತಿತ್ತು. ಒಂದು ಕಡ್ಡಿಯಿಂದ ಅದನ್ನು ಎತ್ತಿ ಕೆಳಗಿನ ಎಲೆಗೆ ಬಿಟ್ಟು ತುದಿ ಕಡಿದಿದ್ದರೆ ಎರಡು ನಿಮಿಷದ ಕೆಲಸ. ಆದರೆ ಎತ್ತಿದರೆ ಮಡಿ ಹೋಯಿತಲ್ಲ. ಮುಂದಿನ ವಾರ ಹುಳ ತಾನಾಗಿ ಕೆಳಗಿಳಿಯುತ್ತದೆ, ಆಗ ಬಂದು ಕಡಿದರಾಯಿತು ಎಂದುಕೊಂಡ. ಲಿಸ್ಟಿನಲ್ಲಿ ಆ ಕಂಬದ ಎದುರು, ಕಡಿದಾಯಿತು ಎಂದು ಗುರುತು ಹಾಕಿದ.

ಮಾರನೆಯ ದಿನವೇ ಬ್ರಹ್ಮಾವರದ ಕಡೆ ಗಾಳಿಮಳೆ ಹೊಡೆದು ನಲವತ್ತು ಕಂಬ ಮಲಗಿದವು. ಬೈಂದೂರಿನಿಂದ ಆರು ಜನರನ್ನು ಅಲ್ಲಿಗೆ ಕಳಿಸಿದರು, ಆರರಲ್ಲಿ ಶೀನ ಒಬ್ಬ. ಹೊರಡುವಾಗ ಸುಗುಣಕ್ಕನಿಗೆ ಹೇಳಲು ಮರೆಯಲಿಲ್ಲ.

“ಬಳ್ಳಿ ಕಡಿಯುಕೆ ಯಾರಾರೂ ಬಂದ್ರೆ ಬಿಡ್ಬೇಡಿ ಸುಗುಣಕ್ಕ. ಹುಳ ಮುಟ್ಟುಕಾಗ ಮಾತ್ರ.”

“ನೀವ್ ಹೋಯಿ ಬನ್ನಿ. ನಂಗೆ ಮೇಲೆ ಸಂಡಿಗಿ ಕಾವುಕೆ ಇತ್ತಲ್ದಾ, ದಿನಾ ಒಂದ್ ಫೋಟೋ ತೆಗ್ದ್ ಕಳಿಸ್ತೆ.”

ಹಾಗೆಯೇ ಕಳಿಸಿದರು. ಬ್ರಹ್ಮಾವರದ ಕೆಸರಿನಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ಕಂಬ ಎತ್ತಿ ಬಂದವನು ಊಟಕ್ಕೆ ಕೂತಾಗ ಫೋನು ತೆಗೆಯುತ್ತಿದ್ದ. ಫೋಟೋ ಸ್ವಲ್ಪ ಮಸುಕು, ಒಂದೊಂದರಲ್ಲಿ ಸುಗುಣಕ್ಕನ ಹೆಬ್ಬೆರಳೂ ಬಂದಿರುತ್ತಿತ್ತು. ಆದರೂ ಒಂದು ದಿನವೂ ತಪ್ಪಲಿಲ್ಲ. ಹತ್ತನೆಯ ದಿನ ಹುಳ ಬಳ್ಳಿಯ ಕೆಳಗಿನ ಕಾಂಡಕ್ಕೆ ಜೋತು ಒಣಗಿದ ಎಲೆಯಂಥ ಗೂಡಾಗಿತ್ತು. ಶೀನನಿಗೆ ಕಣ್ಣಲ್ಲಿ ನೀರು ಬಂತು. ಬಳ್ಳಿಯ ತುದಿಯ ಬಗ್ಗೆ ಅವನು ಕೇಳಲಿಲ್ಲ. ಕೇಳಬೇಕು ಎಂದು ತಲೆಗೆ ಹೊಳೆಯಲೂ ಇಲ್ಲ, ಅದನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ.

ನಡುವೆ ನಾಲ್ಕೈದು ಮಳೆ ಬಿದ್ದಿತ್ತು. ಹನ್ನೆರಡನೆಯ ದಿನ ಸಾಯಂಕಾಲ ಯಡ್ತರೆಯಲ್ಲಿ ಗಾಳಿ ಎದ್ದು ಆ ಸಾಲಿನ ಮನೆಗಳಿಗೆಲ್ಲ ಕರೆಂಟು ಹೋಯಿತು. ಕೆಲಸದವರು ಅರ್ಧ ಜನ ಬ್ರಹ್ಮಾವರದಲ್ಲಿ, ಉಳಿದವರು ದೊಡ್ಡ ಲೈನಿನ ಹಿಂದೆ. ಮಾರನೆಯ ಮಧ್ಯಾಹ್ನ ಶೀನನೇ ವಾಪಸು ಬಂದು ಆ ಲೈನು ಹಿಡಿದು ಹೊರಟ. ಎಲ್ಲೋ ಮರ ಬಿದ್ದಿರಬೇಕು ಎಂದೇ ಎಲ್ಲರೂ ಹೇಳುತ್ತಿದ್ದರು. ಕಂಬದಿಂದ ಕಂಬಕ್ಕೆ ನೋಡುತ್ತ ಬಂದವನು ಸುಗುಣಕ್ಕನ ಮನೆಯ ಮೂಲೆಯಲ್ಲಿ ನಿಂತ. ಮೇಲೆ ಎರಡು ತಂತಿಗಳ ನಡುವೆ, ಮಳೆಗೆ ಚಿಗುರಿ ಮೇಲೇರಿದ್ದ ಈಶ್ವರಬಳ್ಳಿಯ ಕುಡಿ ಸುತ್ತಿಕೊಂಡು ಕರಕಾಗಿತ್ತು. ಒಂದು ತಂತಿ ಸುಟ್ಟು ತುಂಡಾಗಿ ನೇತಾಡುತ್ತಿತ್ತು.

ಸುಗುಣಕ್ಕ ಹಿಂದಿನ ಕೋಣೆಯಿಂದ ಕರೆದರು. ಮಿಷನ್ನಿನ ಬಾಗಿಲು ತೆರೆದಿತ್ತು. ಬ್ಯಾಟರಿ ಮೂರೇ ಗಂಟೆಯಲ್ಲಿ ಮುಗಿದಿತ್ತು, ಆಮೇಲೆ ಮೊಟ್ಟೆಗಳಿಗೆ ಕಂಬಳಿ ಹೊದಿಸಿದ್ದರು, ಬಾಟಲಿಗಳಲ್ಲಿ ಬಿಸಿನೀರು ತುಂಬಿ ನಡುನಡುವೆ ಇಟ್ಟಿದ್ದರು, ಇಡೀ ರಾತ್ರಿ ನೀರು ಕಾಯಿಸಿದ್ದರು. ನೂರಾ ಹತ್ತು ಮೊಟ್ಟೆ. ಮರಿಯಾಗಲು ಮೂರು ದಿನ ಉಳಿದಿತ್ತು. ಸುಗುಣಕ್ಕ ಒಂದು ಮೊಟ್ಟೆಯನ್ನೂ ಟಾರ್ಚನ್ನೂ ಅವನ ಕೈಗೆ ಕೊಟ್ಟರು.

“ನೀವ್ ಮೊಟ್ಟಿ ಕಾಂಬವ್ರಲ್ದಾ ಶೀನಣ್ಣ, ನೀವೇ ಕಾಣಿ. ನನ್ ಕಣ್ಣಿಗೆ ಎಂತದೂ ಅಲ್ಗಾಡುದ್ ಕಾಂತಿಲ್ಲ.”

ಶೀನ ಮೊಟ್ಟೆಯ ಹಿಂದೆ ಟಾರ್ಚು ಹಿಡಿದ. ಸಿಪ್ಪೆ ಕೆಂಪಗೆ ಬೆಳಗಿತು. ಒಳಗೆ ಮರಿ ಮುದುಡಿ ಮಲಗಿದ್ದು ಕಪ್ಪಗೆ ಕಾಣುತ್ತಿತ್ತು. ಉಸಿರು ಹಿಡಿದು ನೋಡಿದ. ಎಲೆಯ ಮೇಲಿನ ಚುಕ್ಕಿ ಅಲುಗಿದರೂ ಗೊತ್ತಾಗುವ ಕಣ್ಣು ಅವನದು. ಏನೂ ಅಲುಗಲಿಲ್ಲ. ಇನ್ನೊಂದು ತೆಗೆದುಕೊಂಡ, ಮತ್ತೊಂದು ತೆಗೆದುಕೊಂಡ. ಹನ್ನೆರಡು ನೋಡಿ ಟಾರ್ಚು ಕೆಳಗಿಟ್ಟ. ಮರ ಬಿದ್ದದ್ದು ಎಂದರೆ ಮುಗಿಯುತ್ತಿತ್ತು, ಆ ಮಾತು ಬಾಯಿಗೂ ಬಂದಿತ್ತು. ಆದರೆ ಈ ಹೆಂಗಸಿನ ಎದುರು ಅದನ್ನು ಹೇಳಲು ಅವನಿಗೆ ನಾಚಿಕೆಯಾಯಿತು.

“ಮರ ಬಿದ್ದದ್ದಲ್ಲ ಸುಗುಣಕ್ಕ. ಆ ಬಳ್ಳಿ ತಾಗಿದ್ದ್. ಅದನ್ನ್ ಕಡೀಕಿತ್ತ್. ಕಡ್ದಾಯ್ತ್ ಅಂದೇಳಿ ನಾನೇ ಲಿಸ್ಟಿನಗೆ ಗುರ್ತ್ ಹಾಕ್ದೆ.”

“ಎಂತಕ್ಕೆ?”

“ಹುಳ ತುದಿಯಗಿತ್ತ್. ಕಡಿಕಾರೆ ಅದನ್ನ್ ಎತ್ತಿ ಕೆಳ್ಗೆ ಬಿಡ್ಕಿತ್ತ್. ಕೈ ಮುಟ್ರೆ ನನ್ ಫೋಟೋ ಹಾಳಾತ್ತ್ ಅಂದೇಳಿ...”

ಸುಗುಣಕ್ಕ ಮೊಟ್ಟೆಗಳನ್ನು ಒಂದೊಂದಾಗಿ ಬುಟ್ಟಿಗೆ ತೆಗೆದಿಟ್ಟರು. ಆಮೇಲೆ ಅವನ ಮುಖ ನೋಡದೆಯೇ ಹೇಳಿದರು.

“ನಾನ್ ಮುಟ್ಟಿದೆ ಶೀನಣ್ಣ. ನೀವ್ ಹೋಯಿ ಎಂಟನೇ ದಿನ ಅದ್ ಕಂಬ ಬಿಟ್ಟ್ ಸಂಡಿಗಿ ಚಾಪಿ ಮೇಲೆ ಬಂತ್. ಅಲ್ಲೇ ಕಾಕಿ ಅದನ್ನ್ ಕುಕ್ಕುಕೆ ಕೂತ್ಕಂಡಿತ್ತ್. ಎರಡ್ ಬೆರಳಗೆ ಎತ್ತಿ ವಾಪಾಸ್ ಬಳ್ಳಿಗೆ ಬಿಟ್ಟೆ. ಮುಟ್ಟುಕಾಗ ಅಂದಿದ್ರಿ, ಬೈತ್ರಿ ಅಂದೇಳಿ ನಿಮ್ಗೆ ಹೇಳ್ಲಿಲ್ಲ. ಅದಕ್ಕೆಂತದೂ ಆಯ್ಲಿಲ್ಲ.”

ಬೈದಿದ್ದರೆ, ಶಾಪ ಹಾಕಿದ್ದರೆ ಶೀನ ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ತಾನು ಯಾವುದನ್ನು ಕಾಯಲು ಹೊರಟಿದ್ದನೋ ಅದು ಆಗಲೇ ಹೋಗಿಯಾಗಿತ್ತು. ಅದೂ ಎಷ್ಟು ಸುಲಭದಲ್ಲಿ, ಎರಡು ಬೆರಳಲ್ಲಿ. ನೂರಾ ಹತ್ತು ಮೊಟ್ಟೆ ತಣ್ಣಗಾದದ್ದು ಇದಕ್ಕೋಸ್ಕರ. ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತ.

ಎದ್ದವನು ಎಲ್‌ಸಿ ಕೇಳಿ, ಕಂಬ ಹತ್ತಿ, ಗೂಡಿನ ಮೇಲಿನ ಬಳ್ಳಿಯನ್ನೆಲ್ಲ ಕಡಿದು ತಂತಿ ಜೋಡಿಸಿದ. ಸಂಜೆ ರವಿಚಂದ್ರರ ಎದುರು ನಿಂತು ಗುರುತಿನ ವಿಷಯ ಹೇಳಿದ. ಅವರು ಬಾಯಿಗೆ ಬಂದಂತೆ ಬೈದು ಬರೆದು ಕೊಡಲು ಹೇಳಿದರು, ಬರೆದು ಕೊಟ್ಟ. ಮಾರನೆಯ ದಿನ ಮೊಟ್ಟೆ ಕೊಟ್ಟಿದ್ದ ಏಳು ಮನೆಗಳಿಗೂ ಹೋಗಿ ತಪ್ಪು ತನ್ನದೆಂದು ಹೇಳಿ ಬಂದ. ಕಮಲಕ್ಕನೆಂಬವರು ಅಂಗಳದಿಂದ ಒಳಗೆ ಕರೆಯಲಿಲ್ಲ. ಒಂದು ವಾರ ದಿನಾ ಕೆಲಸ ಮುಗಿದ ಮೇಲೆ ಕೋಟೇಶ್ವರದ ನೆಂಟರ ಮನೆಗಳನ್ನೆಲ್ಲ ತಿರುಗಿದ. ಒಟ್ಟಾದ ಊರಕೋಳಿ ಮೊಟ್ಟೆಗಳನ್ನು ಹುಲ್ಲು ತುಂಬಿದ ಬುಟ್ಟಿಯಲ್ಲಿ ಬೈಕಿನ ಹಿಂದೆ ಕಟ್ಟಿಕೊಂಡು, ಹೊಂಡ ತಪ್ಪಿಸುತ್ತ, ಯಡ್ತರೆಗೆ ತಂದು ಕೊಟ್ಟ. ಸುಗುಣಕ್ಕ ತೆಗೆದುಕೊಂಡರು. ಕೂತುಕೊಳ್ಳಿ ಎನ್ನಲಿಲ್ಲ.

ತಾರಸಿ ಹತ್ತುತ್ತೇನೆ ಎಂದು ಕೇಳುವ ಮುಖ ಅವನಿಗೆ ಇರಲಿಲ್ಲ. ಗೂಡಿನಿಂದ ಚಿಟ್ಟೆ ಬರುವ ದಿನ ಸುಮಾರು ಯಾವಾಗ ಎಂದು ಅವನಿಗೆ ಗೊತ್ತಿತ್ತು. ಜೂನ್ ನಡುವಿನ ಆ ಮೂರು ದಿನ ಅವನು ಫೋನನ್ನು ಕೈಯಲ್ಲೇ ಹಿಡಿದಿದ್ದ. ಫೋನು ಬರಲಿಲ್ಲ. ನಾಲ್ಕನೆಯ ದಿನ ಆ ರಸ್ತೆಯಲ್ಲಿ ಫ್ಯೂಸ್ ಹಾಕಲು ಹೋದವನು ಕತ್ತೆತ್ತಿ ನೋಡಿದ. ಗೂಡು ಒಡೆದು ಖಾಲಿಯಾಗಿತ್ತು. ಸುಗುಣಕ್ಕ ನೋಡಿದ್ದಾರೆ, ಬೇಕೆಂದೇ ಹೇಳಲಿಲ್ಲ ಎಂದು ಅವನಿಗೆ ಅನ್ನಿಸಿತು. ಅದು ನ್ಯಾಯವೆಂದೂ ಅನ್ನಿಸಿತು.

“ಹ್ವಾಯ್ ಶೀನಣ್ಣ,” ಎಂದು ಒಳಗಿನಿಂದ ಕರೆ ಬಂತು. ಸುಗುಣಕ್ಕ ತಲೆಗೆ ಬಟ್ಟೆ ಸುತ್ತಿಕೊಂಡು ಹೊಸ ಮೊಟ್ಟೆಗಳನ್ನು ಮಗುಚುತ್ತಿದ್ದರು. ದನಿ ಪೂರ್ತಿ ಕಟ್ಟಿತ್ತು. “ನಿನ್ನೆ ಬೆಳಿಗ್ಗೆ ಹಾರಿ ಹೋಯ್ತ್. ಫೋಟೋ ತೆಗುಕ್ ಆಯ್ಲಿಲ್ಲ ಕಾಣಿ.”

“ಅಡ್ಡಿಲ್ಲ ಸುಗುಣಕ್ಕ.”

“ಅಡ್ಡಿಲ್ಲ ಅಲ್ಲ. ಅದ್ ಹೊರ್ಗ್ ಬಂದದ್ದೇ ಮಳಿ ಹೊಡೀತ್. ರೆಕ್ಕಿ ಒದ್ದಿ ಬಟ್ಟಿ ತರ ಜೋತ್ಕಂಡಿತ್ತ್. ಗಾಳಿ ಬೇರೆ. ಕೊಡಿ ಬಿಡ್ಸಿ ಎರಡ್ ಕೈಯಗೂ ಗಟ್ಟಿ ಹಿಡ್ಕಂಡ್, ಅದ್ರ್ ಮೇಲೆ ನೀರ್ ಬೀಳ್ದಂಗೆ ಒಂದ್ ಗಂಟಿ ತಾರಸಿ ಮೇಲೆ ನಿಂತಿದ್ದೆ. ಫೋನ್ ಸೊಂಟದಗೇ ಇತ್ತ್. ನಿಮ್ಗೆ ಫೋನ್ ಮಾಡುಕೆ ಕೈ ಎಲ್ಲಿತ್ತ್?” ಎಂದು ಸುಗುಣಕ್ಕ ಎರಡು ಸಲ ಸೀನಿದರು.

ತಪ್ಪಾಯಿತು ಎನ್ನುವುದನ್ನು ಆಗಲೇ ಹೇಳಿಯಾಗಿತ್ತು. ಶೀನ ಚಪ್ಪಲಿ ಬಿಟ್ಟು ಒಳಗೆ ಬಂದ. ಸುಗುಣಕ್ಕ ಕಾಲಿನಿಂದಲೇ ಮಣೆಯೊಂದನ್ನು ಅವನ ಕಡೆ ಸರಿಸಿದರು.

“ಹ್ಯಾಂಗಿತ್ತ್ ಸುಗುಣಕ್ಕ?” ಎಂದು ಕೇಳಿದ.

ಅವರು ಹೇಳತೊಡಗಿದರು, ಅವನು ಮೊಟ್ಟೆ ಮಗುಚುತ್ತ ಕೇಳುತ್ತ ಕೂತ.